ದೊಡ್ಡ ಡಾಕ್ಟರ ಕೋಟು ಬಿಗಿಯಾದ ಬಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ ಹೊಲಿಗೆಯಮ್ಮ ಕೂರುತ್ತಿದ್ದಳು. ಹರಿದ ಹೊದಿಕೆಗೆ ತೇಪೆ ಹಾಕುವುದು, ರೋಗಿಗಳ ನಿಲುವಂಗಿಗೆ ಕಿತ್ತುಹೋದ ಲಾಡಿ ಹೊಲಿಯುವುದು, ಡಾಕ್ಟರುಗಳ ಬಿಳಿ ಕೋಟಿಗೆ ಉದುರಿದ ಗುಂಡಿ ಹಚ್ಚುವುದು, ಇದು ಅವಳ ಕೆಲಸ. ಮೇಲಿನ ಅಂತಸ್ತುಗಳಲ್ಲಿ ಯಾರ ಮೈಮೇಲೆ ಏನಿದ್ದರೂ ಒಂದಲ್ಲ ಒಂದು ದಿನ ಅದು ಅವಳ ತೊಡೆಯ ಮೇಲೆ ಬಂದೇ ಬರುತ್ತಿತ್ತು. ಅವಳ ಮೈಯೊಳಗೆ ಏನಿದೆ ಅಂತ ನೋಡುವ ಪುರುಸೊತ್ತು ಮಾತ್ರ ಮೇಲಿದ್ದವರಲ್ಲಿ ಒಬ್ಬನಿಗೂ ಇರಲಿಲ್ಲ.

ಸುಸ್ತು. ಅಷ್ಟೇ ಅವಳ ಕಾಯಿಲೆ. ಜ್ವರ ಇಲ್ಲ, ಗಾಯ ಇಲ್ಲ, ತೋರಿಸೋಣವೆಂದರೆ ಒಂದು ಗುಳ್ಳೆಯೂ ಇಲ್ಲ. ಬೆಳಿಗ್ಗೆ ಎದ್ದರೆ ರಾತ್ರಿಯಿಡೀ ಕಲ್ಲು ಹೊತ್ತವಳ ಹಾಗೆ ಮೈ ಭಾರ. ಹಲ್ಲುಜ್ಜಿ ಬಂದು ಒಮ್ಮೆ ಕೂರಬೇಕು, ಸೀರೆ ಉಟ್ಟು ಇನ್ನೊಮ್ಮೆ ಕೂರಬೇಕು. ಎಲ್ಲರೂ ಬೀಸಣಿಗೆ ಹಿಡಿದು ಉಸ್ಸೆನ್ನುವ ಬೇಸಿಗೆಯಲ್ಲಿ ಇವಳಿಗೆ ಸ್ವೆಟರು. ಬಾಚಣಿಗೆ ತುಂಬ ಕೂದಲು. ಮುಖ ಊದಿಕೊಂಡು ಕಣ್ಣು ಸಣ್ಣಗಾಗಿ, ಕನ್ನಡಿಯಲ್ಲಿ ಯಾರೋ ದೂರದ ನೆಂಟಳು ಕಂಡಂತಾಗುತ್ತಿತ್ತು. ಮಗಳು ಶಾಲೆಯಿಂದ ಓಡಿಬಂದು "ಅಮ್ಮಾ, ಇವತ್ತೇನಾಯ್ತು ಗೊತ್ತಾ" ಅಂತ ಶುರು ಮಾಡಿದರೆ ಏನಾಯ್ತು ಅನ್ನುವಷ್ಟರಲ್ಲಿ ಅಮ್ಮ ಗೋಡೆಗೊರಗಿ ನಿದ್ದೆ. ಮೊದಮೊದಲು ಮಗಳು ಭುಜ ಹಿಡಿದು ಅಲುಗಾಡಿಸುತ್ತಿದ್ದಳು. ಆಮೇಲಾಮೇಲೆ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋಗುವುದನ್ನು ಕಲಿತಳು.

ಗಂಡ ಕೆಟ್ಟವನಲ್ಲ. ಆದರೆ ಅವನೂ ಮೂಗು ಮುರಿಯುತ್ತಿದ್ದ. "ಕೂತಲ್ಲೇ ಕೂತು ಹೊಲಿಯೋ ಕೆಲಸ. ಅದರಲ್ಲೇನೇ ಸುಸ್ತು?" ಅನ್ನುತ್ತಿದ್ದ. ಬಟ್ಟೆ ವಿಭಾಗದ ಯಜಮಾನಿಯಂತೂ ಸೊಂಟದಲ್ಲಿ ಬೀಗದಕೈ ಗೊಂಚಲು ಕುಣಿಸುತ್ತ ಓಡಾಡುವ ಹೆಂಗಸು, ಎಲ್ಲರಿಗೂ ಬೀಗದಮ್ಮ. ಹೊಲಿಗೆಯಮ್ಮನಿಗೆ 'ತೂಕಡಿಕೆ' ಅಂತ ಹೆಸರಿಟ್ಟವಳು ಅವಳೇ. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದ್ದವಳ ಕಿವಿಯ ಪಕ್ಕ ಗೊಂಚಲು ಝಣ್ ಅನ್ನಿಸಿ ಎಬ್ಬಿಸಿದಳು.

"ಇನ್ನೊಂದು ಸಲ ಹೀಗೆ ಕಂಡರೆ ಮನೆಗೆ ಕಳಿಸ್ತೀನಿ ನೋಡು. ಅಲ್ಲಿ ಹಾಸಿಗೆ ಹಾಸ್ಕೊಂಡು ಆರಾಮಾಗಿ ಮಲ್ಕೋ."

"ಮೈ ಸರಿಯಿಲ್ಲಮ್ಮ, ಸುಳ್ಳಲ್ಲ."

"ಹಾಗಾದರೆ ಡಾಕ್ಟರ ಹತ್ರ ಬರೆಸ್ಕೊಂಡು ಬಾ. ಬರೆದುಕೊಟ್ಟರೆ ನಂಬ್ತೀನಿ."

ಸರಿ, ಕಾಯಿಲೆಯಿದೆ ಅಂತ ಡಾಕ್ಟರು ಒಪ್ಪಬೇಕು. ಒಪ್ಪದಿದ್ದರೆ ಕೆಲಸಕ್ಕೆ ಕುತ್ತು. ಆಸ್ಪತ್ರೆಯಲ್ಲೇ ಇದ್ದುಕೊಂಡು ಅದೇನು ಮಹಾ ಕಷ್ಟ ಅಂದುಕೊಂಡು ಹೊಲಿಗೆಯಮ್ಮ ದೊಡ್ಡ ಡಾಕ್ಟರ ಬಾಗಿಲಿಗೆ ಹೋದಳು. ಬಾಯಲ್ಲಿ ಅವಳು ಅವರನ್ನು ಕೊನೆಯವರೆಗೂ 'ಸಾರ್' ಅಂತಲೇ ಕರೆದಳು. ಮನಸ್ಸಿನಲ್ಲಿ ಮಾತ್ರ 'ಅವನು'. ಆ ಮನಸ್ಸಿನ ಪಕ್ಕ ನಿಂತು ಹೇಳುತ್ತಿರುವ ಕಥೆಯಾದ್ದರಿಂದ ನಾವೂ ಅವನು ಅಂತಲೇ ಅನ್ನೋಣ. ಮರ್ಯಾದೆ ಕೊಡಲು ಬೇರೆ ಜನ ಬೇಕಾದಷ್ಟಿದ್ದಾರೆ.

ಮೊದಲ ಸಲ ಅವನು ಅವಳ ಕಡೆ ನೋಡದೆ ಅಂದ, "ರಕ್ತ ಕಡಿಮೆ ಇರಬೇಕು. ಟಾನಿಕ್ ಕುಡಿ." ಅವಳು ಕುಡಿದಳು. ಹೊಟ್ಟೆ ಕೆಟ್ಟಿತು, ಸುಸ್ತು ಎಲ್ಲಿತ್ತೋ ಅಲ್ಲೇ ಇತ್ತು. ಎರಡನೇ ಸಲ, "ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಇದ್ದಿದ್ದೇ ಕಣಮ್ಮ" ಅಂದ. ಮೂರನೇ ಸಲ ಅವನ ಸುತ್ತ ಡಾಕ್ಟರಿಕೆ ಕಲಿಯುವ ಮಕ್ಕಳು ಹಿಂಡಾಗಿ ನಿಂತಿದ್ದರು. ಅವಳು, "ಸಾರ್, ಬೆಳಿಗ್ಗೆ ಎದ್ದರೆ" ಅಂದಳು, ಅಷ್ಟೇ. ಅವನು ಮಕ್ಕಳ ಕಡೆ ತಿರುಗಿ, "ಈಕೆಗೆ ಇರೋ ಕಾಯಿಲೆ ಹೆಸರು ಸೋಮಾರಿತನ. ಇದಕ್ಕಿನ್ನೂ ಔಷಧ ಕಂಡುಹಿಡಿದಿಲ್ಲ" ಅಂದ. ಮಕ್ಕಳು ಕಿಸಕ್ಕನೆ ನಕ್ಕವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅವನು ಮುಂದಿನವರನ್ನು ಕರೆದಾಗಿತ್ತು.

ಕೆಳಗೆ ಬಂದರೆ ಒಗೆದು ಬಂದ ರಾಶಿಯ ಮೇಲೆ ಅವನದೇ ಕೋಟು. ಕತ್ತುಪಟ್ಟಿಯ ಒಳಗೆ ಅವನ ಗುರುತನ್ನು ನೀಲಿ ದಾರದಲ್ಲಿ ಹೊಲಿದವಳು ಇವಳೇ. ನೋಡಿದ್ದೇ ಮೈಯೆಲ್ಲ ಉರಿದುಹೋಯಿತು. ಕೂಗಾಡಬೇಕು, ಬಾಯಿಗೆ ಬಂದದ್ದು ಬೈಯಬೇಕು ಅನ್ನಿಸಿತು. ಆದರೆ ಕೂಗಾಡುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ! ಸಿಟ್ಟು ಗಂಟಲವರೆಗೆ ಬಂದು ಸುಸ್ತಾಗಿ ಅಲ್ಲೇ ಕೂತುಬಿಟ್ಟಿತು. ಅವಳ ಇಡೀ ದೇಹದಲ್ಲಿ ಸುಸ್ತಾಗದೆ ಉಳಿದದ್ದು ಬೆರಳುಗಳು ಮಾತ್ರ. ಬೆರಳುಗಳು ಕೋಟಿನ ಒಳಮಗ್ಗುಲು ಹೊರಗೆ ಮಾಡಿ, ಪಕ್ಕದ ಹೊಲಿಗೆಯ ಒಳಗೆ, ಒಂದೇ ಒಂದು ನೂಲಿನಷ್ಟು ಜಾಗ ಬಿಟ್ಟು, ಇನ್ನೊಂದು ಹೊಲಿಗೆ ಹಾಕಿದವು.

ಅವತ್ತಿನಿಂದ ಶುರು. ಅವನ ಕೋಟು ಒಗೆದು ಬಂದಾಗಲೆಲ್ಲ ಒಂದು ನೂಲು ಒಳಕ್ಕೆ. ಅವನ ಹತ್ತಿರ ಇದ್ದ ಎಲ್ಲ ಕೋಟುಗಳೂ ಸರದಿಯ ಪ್ರಕಾರ ಬರುತ್ತಿದ್ದವು, ಯಾವುದಕ್ಕೂ ಅನ್ಯಾಯವಾಗದಂತೆ ಎಲ್ಲಕ್ಕೂ ಒಂದೇ ಅಳತೆ. ಗುಂಡಿಗಳೂ ಕೂದಲೆಳೆಯಷ್ಟು ಒಳಕ್ಕೆ ಸರಿದವು. ತನ್ನ ಜನ್ಮದಲ್ಲಿ ಅವಳು ಅಷ್ಟು ಚೊಕ್ಕವಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಟ್ಟೆ ಒಗೆಯುವವರು ನೋಡಿ, "ಏನಕ್ಕ, ದೊಡ್ಡ ಡಾಕ್ಟರ ಕೋಟಿಗೆ ಭಾರಿ ಉಪಚಾರ" ಅಂದರು. "ದೊಡ್ಡವರಲ್ಲವೇನಪ್ಪ" ಅಂದಳು ಅವಳು.

ಆ ಮಹಾರಾಯನಿಗೆ ತನ್ನ ಮೈಕಟ್ಟಿನ ಮೇಲೆ ಎಲ್ಲಿಲ್ಲದ ಮೋಹ. ಓದುವಾಗ ಹೊಲಿಸಿದ ಸೂಟು ಈಗಲೂ ಆಗುತ್ತದೆ ಅಂತ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಅಂಥವನ ಹೊಟ್ಟೆಯ ಮೇಲೆ ಗುಂಡಿ ಬಿಗಿಯತೊಡಗಿದರೆ ಗತಿಯೇನು! ಕನ್ನಡಿ ಕಂಡಲ್ಲೆಲ್ಲ ನಿಂತ. ಉಸಿರು ಒಳಗೆಳೆದು ನಡೆದ. ಅಲ್ಲ, ಪ್ಯಾಂಟು ಸರಿಯಾಗೇ ಇದೆಯಲ್ಲ ಅಂತ ಒಂದು ಕ್ಷಣವಾದರೂ ಯೋಚಿಸಬಾರದೇ? ತೂಕದ ಯಂತ್ರ ಹತ್ತಿದ. ಅದು ಹಳೆಯ ತೂಕವನ್ನೇ ತೋರಿಸಿತು. "ಈ ಯಂತ್ರ ಕೆಟ್ಟಿದೆ, ಬದಲಾಯಿಸಿ" ಅಂತ ರೇಗಿದ. ಹೊಸ ಯಂತ್ರವೂ ಅದನ್ನೇ ಹೇಳಿತು, ಅದನ್ನೂ ನಂಬಲಿಲ್ಲ. ಒಮ್ಮೆ ತೀರ್ಮಾನಕ್ಕೆ ಬಂದ ಮೇಲೆ ಎದುರಿಗಿರುವುದು ಏನೇ ಹೇಳಲಿ ಕಿವಿಮೇಲೆ ಹಾಕಿಕೊಳ್ಳುವ ಜಾಯಮಾನ ಅವನದಲ್ಲ.

ಈ ಸುದ್ದಿಯನ್ನೆಲ್ಲ ಬಿಸಿಬಿಸಿಯಾಗಿ ಕೆಳಗೆ ತರುತ್ತಿದ್ದವಳು ರಕ್ತಪರೀಕ್ಷೆ ಕೋಣೆಯ ಹುಡುಗಿ. ದಿನವಿಡೀ ಜನರಿಗೆ ಚುಚ್ಚುವ ಕೆಲಸ, ನಾಲಿಗೆಯೂ ಅಷ್ಟೇ ಚೂಪು, ಹಾಗಾಗಿ ಅವಳಿಗೆ ಸೂಜಿ ಅಂತಲೇ ಹೆಸರು. "ಅಕ್ಕಾ, ದೊಡ್ಡವರು ಬೆಳಗಿನ ತಿಂಡಿ ಬಿಟ್ಟರಂತೆ." ಆಮೇಲೆ, "ಅಕ್ಕಾ, ರಾತ್ರಿ ಊಟಾನೂ ಬಿಟ್ಟರಂತೆ." ಹೊಲಿಗೆಯಮ್ಮ ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡುತ್ತ, "ಪಾಪ" ಅನ್ನುತ್ತಿದ್ದಳು. ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಸೂಜಿ ಏದುಸಿರು ಬಿಡುತ್ತ ಓಡಿಬಂದಳು. ದೊಡ್ಡ ಡಾಕ್ಟರು ವಾರ್ಡಿನಲ್ಲಿ ರೋಗಿ ನೋಡುತ್ತಿದ್ದಾಗಲೇ ಕಣ್ಣು ಕತ್ತಲಿಟ್ಟು ಮಂಚದ ಅಂಚಿಗೆ ಕುಸಿದರಂತೆ. "ಸುಸ್ತು, ಕೆಲವು ದಿನದಿಂದ ವಿಪರೀತ ಸುಸ್ತು" ಅಂದರಂತೆ. ಅಷ್ಟಂದಿದ್ದೇ ತಡ, ಇಡೀ ಆಸ್ಪತ್ರೆ ಬುಡಮೇಲು. ಒಬ್ಬ ಗಾಲಿಕುರ್ಚಿ ತಂದ, ಇನ್ನೊಬ್ಬ ಸಕ್ಕರೆ ನೀರು ತಂದ, ಮತ್ತೊಬ್ಬ ಎದೆಗೆ ತಂತಿ ಅಂಟಿಸಿದ. ಒಳ್ಳೆಯ ಕೋಣೆ ಕೊಟ್ಟು ಮಲಗಿಸಿದರು.

ಹೊಲಿಗೆಯಮ್ಮನ ಕೈ ನಿಂತಿತು. "ಏನೇನು ಪರೀಕ್ಷೆ ಮಾಡಿದ್ರಿ?"

"ರಕ್ತ, ಸಕ್ಕರೆ, ಥೈರಾಯ್ಡು, ಎದೆದು, ಹೊಟ್ಟೆದು. ಸುಸ್ತು ಅಂದರೆ ಇಷ್ಟಾದರೂ ಮಾಡಲೇಬೇಕಲ್ಲಕ್ಕ."

"ಮಾಡಲೇಬೇಕಾ?"

"ಮತ್ತೆ?"

ಆ 'ಮತ್ತೆ' ಅವಳ ಎದೆಗೆ ನಾಟಿತು. ಕೆಲವು ದಿನ ಊಟ ಬಿಟ್ಟವನು ಒಂದೇ ಒಂದು ಸಲ ಸುಸ್ತು ಅಂದ, ಊರೇ ಓಡಿಬಂತು. ತಾನು ವರ್ಷಗಟ್ಟಲೆ ಅದೇ ಮಾತು ಹೇಳಿದೆ, ಸೋಮಾರಿಯಾದೆ. ಅವಳು ಸ್ವೆಟರಿನ ತೋಳು ಮೇಲಕ್ಕೆಳೆದು ಕೈ ಮುಂದೆ ಚಾಚಿದಳು. "ಅವರಿಗೆ ಮಾಡಿದ್ದೆಲ್ಲ ನನಗೂ ಮಾಡು."

"ಡಾಕ್ಟರ ಚೀಟಿ ಇಲ್ಲದೆ ಆಗಲ್ಲಕ್ಕ."

"ಹಾಗಾದರೆ ಚೀಟಿ ಕೊಡೋರ ಹತ್ರ ಕರ್ಕೊಂಡು ಹೋಗು. ಕೊಡೋವರೆಗೂ ನಾನು ಅಲ್ಲಿಂದ ಏಳಲ್ಲ."

ಸೂಜಿ ಅವಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಚಿಕ್ಕ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಅವತ್ತು ಕಿಸಕ್ಕನೆ ನಕ್ಕ ಮಕ್ಕಳಲ್ಲಿ ಈಕೆಯೂ ಒಬ್ಬಳು. ಗುರುತು ಹಿಡಿದಳು, ಮುಖ ಕೆಂಪಾಯಿತು. ಚೀಟಿ ಬರೆದುಕೊಟ್ಟಳು. ಫಲಿತಾಂಶ ಬಂದ ದಿನ ಅದನ್ನು ಹಿಡಿದುಕೊಂಡು ತಾನೇ ನೆಲಮಾಳಿಗೆಗೆ ಇಳಿದುಬಂದಳು.

"ನಿಮ್ಮ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ಕೆಲಸ ಮಾಡೋದನ್ನೇ ಬಿಟ್ಟಿದೆಯಮ್ಮ. ಸುಸ್ತು, ಚಳಿ, ಕೂದಲು, ಊತ, ಎಲ್ಲ ಅದರಿಂದಲೇ. ಇಷ್ಟು ದಿನ ನೀವು ಹೇಗೆ ಎದ್ದು ಓಡಾಡಿದ್ರಿ ಅನ್ನೋದೇ ಆಶ್ಚರ್ಯ."

"ಔಷಧ ಇದೆಯಾ?"

"ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಅಷ್ಟೆ."

ಅಷ್ಟೆ! ಒಂದು ಪುಟ್ಟ ಮಾತ್ರೆ. ಹೊಲಿಗೆಯಮ್ಮ ಖುಷಿಯಿಂದ ಅಳುತ್ತಾಳೆ ಅಂತ ಡಾಕ್ಟರಮ್ಮ ಕಾದಿರಬೇಕು. ಅವಳು ಅಳಲಿಲ್ಲ. ಡಾಕ್ಟರಮ್ಮ ಕಾಯಿಲೆಯ ಹೆಸರು ಬರೆದುಕೊಟ್ಟ ಚೀಟಿಯ ನಕಲನ್ನು ಬೀಗದಮ್ಮನ ಮೇಜಿನ ಮೇಲೆ ಟಪ್ಪನೆ ಬಡಿದು ಬಂದಳು. ಬೀಗದಮ್ಮ ಓದಿ, ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸದ್ದಾಗದಂತೆ ಆಚೆ ಹೋದಳು. ಕೆಲಸ ಉಳಿಯಿತು.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಹಲ್ಲುಜ್ಜಿ ಬಂದವಳು ಕೂರುವುದನ್ನು ಮರೆತಳು. ಸ್ವೆಟರು ಪೆಟ್ಟಿಗೆ ಸೇರಿತು. ಮೆಟ್ಟಿಲು ಹತ್ತಿದರೆ ಕಾಲು ತಾನಾಗಿ ಮುಂದಿನದಕ್ಕೆ ಹೋಗುತ್ತಿತ್ತು. ಮೈಗೆ ಕಸುವು ಬಂದ ಹಾಗೆ ಸಿಟ್ಟಿಗೂ ಬಂತು. ಇಷ್ಟು ವರ್ಷ ಅದೂ ಅವಳ ಜೊತೆ ತೂಕಡಿಸುತ್ತಿತ್ತು, ಈಗ ಎದ್ದು ಕೂತಿತು. ಅದು ಎಷ್ಟು ದೊಡ್ಡದು ಅಂತ ಅವಳಿಗೇ ಗೊತ್ತಿರಲಿಲ್ಲ.

ಒಂದು ಸಂಜೆ ಮಗಳು ಶಾಲೆಯಿಂದ ಬಂದಾಗ ಹೊಲಿಗೆಯಮ್ಮ ಬಾಗಿಲಲ್ಲೇ ಕಾದಿದ್ದಳು. "ಬಾರೇ ಕಂದ, ಇವತ್ತೇನಾಯ್ತು ಹೇಳು" ಅಂದಳು.

ಮಗಳು ಅಮ್ಮನ ಮುಖವನ್ನು ವಿಚಿತ್ರವಾಗಿ ನೋಡಿದಳು. "ಏನೂ ಇಲ್ಲಮ್ಮ. ನೀನು ಮಲ್ಕೋ" ಅಂದು ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಒಳಗೆ ಹೋದಳು. ಬೇಜಾರಿನಿಂದಲ್ಲ, ಅಕ್ಕರೆಯಿಂದಲೇ ಅಂದದ್ದು. ಅದೇ ಹೆಚ್ಚು ಉರಿಯಿತು. ಹೊಲಿಗೆಯಮ್ಮ ಬಾಗಿಲು ಹಿಡಿದುಕೊಂಡು ನಿಂತಲ್ಲೇ ಅತ್ತಳು.

ಮಾರನೆಯ ದಿನವೇ ಅವನು ನೆಲಮಾಳಿಗೆಗೆ ಬಂದ. ಏನೇನು ಪರೀಕ್ಷೆ ಮಾಡಿದರೂ ಯಾವ ಕಾಯಿಲೆಯೂ ಸಿಗದೆ ಮನೆಗೆ ಕಳಿಸಿದ್ದರಂತೆ. ಆದರೆ ಆಮೇಲೂ ಉಪವಾಸ ಬಿದ್ದು ಬಿದ್ದು ಕೆನ್ನೆ ಒಳಗೆ ಹೋಗಿ ಕತ್ತು ಕಡ್ಡಿಯಾಗಿತ್ತು. ಕೋಟನ್ನು ಬಿಚ್ಚಿ ಅವಳ ಮೇಜಿನ ಮೇಲೆ ಹಾಕಿ, "ಅಂತೂ ಇಳಿದೆ ನೋಡಮ್ಮ. ಈಗ ಕೋಟು ಜೋಲಾಡ್ತಿದೆ. ಸ್ವಲ್ಪ ಬಿಗಿ ಮಾಡಿಕೊಡು" ಅಂದ. ದನಿಯಲ್ಲಿ ಹೆಮ್ಮೆ.

ಅವನಿಗೆ ತಿಳಿಯದೆ ತೀರಿಸಿಕೊಂಡದ್ದು ಇನ್ನು ಅವಳಿಗೆ ಸಾಲದು. ಕೋಟಿನ ಒಳಮಗ್ಗುಲು ಹೊರಗೆ ಮಾಡಿ ಅವನ ಕಡೆಗೆ ತಳ್ಳಿದಳು. ಪಕ್ಕದುದ್ದಕ್ಕೂ ಒಂದರ ಪಕ್ಕ ಒಂದು ಸಾಲು ಸಾಲು ಹೊಲಿಗೆ.

"ಆಗಲೇ ಬಹಳ ಬಿಗಿ ಮಾಡಿದ್ದೀನಿ ಸಾರ್. ಒಗೆದು ಬಂದಾಗಲೆಲ್ಲ ಒಂದು ಸಾಲು. ನೀವು ದಪ್ಪ ಆಗಿರಲೇ ಇಲ್ಲ."

ಅವನು ಹೊಲಿಗೆ ನೋಡಿದ, ಅವಳನ್ನು ನೋಡಿದ, ಮತ್ತೆ ಹೊಲಿಗೆ ನೋಡಿದ. ಅರ್ಥವಾಗುತ್ತ ಹೋದ ಹಾಗೆ ಮುಖ ಕಪ್ಪಿಟ್ಟಿತು. ಬೈಯುತ್ತಾನೆ ಅಂತ ಅವಳು ಸೆರಗು ಬಿಗಿದು ನಿಂತಿದ್ದಳು. ಅವನು ಬೈಯಲಿಲ್ಲ. "ನಾನೇನು ಮಾಡಿದ್ದೆ ನಿನಗೆ?" ಅಂದ. "ಕಷ್ಟ ಏನಾದರೂ ಇದ್ದಿದ್ದರೆ ನನ್ನ ಹತ್ರ ಬಂದು ಹೇಳಬಹುದಿತ್ತಲ್ಲ?"

ಅಯ್ಯೋ, ಇವನಿಗೆ ನೆನಪೇ ಇಲ್ಲ! ಹಗಲು ರಾತ್ರಿ ಅವಳ ಎದೆಯಲ್ಲಿ ಕುದಿದದ್ದು ಅವನ ತಲೆಯಲ್ಲಿ ಒಂದು ಗಳಿಗೆಯೂ ನಿಂತಿರಲಿಲ್ಲ.

"ಬಂದಿದ್ದೆ ಸಾರ್. ಮೂರು ಸಲ."

"ಯಾವಾಗ?" ಅವನು ಅವಳ ಮುಖದಲ್ಲಿ ಹುಡುಕಿದ. ಸಿಗಲಿಲ್ಲ. ಆಗ ದನಿಯೇರಿಸಿದ. "ನಾನು ಈಗಲೇ ಮೇಲೆ ಹೋಗಿ ಹೇಳಿದರೆ ನಿನ್ನ ಕೆಲಸ ಉಳಿಯುತ್ತಾ?"

"ಹೋಗಿ ಹೇಳಿ. ಏನಂತ ಹೇಳ್ತೀರಿ? ತೂಕದ ಯಂತ್ರ ಸುಳ್ಳು, ಕೋಟಿನ ಗುಂಡಿ ನಿಜ ಅಂತ ನಂಬಿ ಊಟ ಬಿಟ್ಟೆ, ಬಿದ್ದೆ, ಕಂಡಕಂಡವರಿಂದ ಚುಚ್ಚಿಸಿಕೊಂಡೆ ಅಂತಲಾ? ಕಲಿಯೋ ಮಕ್ಕಳ ಮುಂದೆಯೇ ಹೇಳಿ. ಅವಕ್ಕೆ ನಗೋದಂದರೆ ಇಷ್ಟ."

ಅವನು ಕೋಟಿಗೆ ಕೈಚಾಚಿದ, ಅವಳು ಅದನ್ನು ತನ್ನ ಕಡೆ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದಳು. ಅವಳು ಲಾಡಿಗಳ ರಾಶಿ ಸರಿಸಿ ಸ್ಟೂಲು ಮುಂದೆ ತಳ್ಳಿದಳು.

"ಕೂತ್ಕೊಳ್ಳಿ."

"ರೋಗಿಗಳು ಕಾಯ್ತಿದ್ದಾರೆ."

"ಕಾಯಲಿ. ನಾನು ಕಾದಿರಲಿಲ್ಲವಾ?"

ಅವನು ಬಾಗಿಲ ಕಡೆ ನೋಡಿದ. ಅವಳ ಮುಷ್ಟಿಯಲ್ಲಿದ್ದ ಕೋಟು ನೋಡಿದ. ಕೂತ. ಸಣ್ಣ ದನಿಯಲ್ಲಿ, "ಹೇಳಿ" ಅಂದ.

ಅವಳು ಹೇಳಿದಳು. ಬೆಳಿಗ್ಗೆ ಎದ್ದರೆ ಏನಾಗುತ್ತಿತ್ತು ಅನ್ನುವಲ್ಲಿಂದ, ಒಂದನ್ನೂ ಬಿಡದೆ, ಆತುರವಿಲ್ಲದೆ. ಅವನು ಗಡಿಯಾರದ ಕಡೆ ಕಣ್ಣು ಹಾಯಿಸಿದಾಗಲೆಲ್ಲ ನಿಲ್ಲಿಸಿದಳು, ಕಣ್ಣು ವಾಪಸು ಬಂದ ಮೇಲೆ ಮುಂದುವರಿಸಿದಳು. ಕೊನೆಗೆ ಮಗಳ ವಿಷಯ ಬಂತು.

"ಸುಸ್ತಿಗೆ ಮಾತ್ರೆ ಸಿಕ್ಕಿತು ಸಾರ್. ನನ್ನ ಮಗಳು ನನ್ನ ಹತ್ರ ಮಾತಾಡೋದು ಬಿಟ್ಟಿದ್ದಾಳೆ. ಅದಕ್ಕೆ ಯಾವ ಮಾತ್ರೆ ಬರೀತೀರಿ?"

ಅವನು ತಲೆ ತಗ್ಗಿಸಿ ಕೂತೇ ಇದ್ದ. ಎದ್ದು ಹೋಗಿ ಅಂತ ಅವಳು ಹೇಳಲಿಲ್ಲ.