ಚೀನಾ ಬೈಕಿಗೆ ಜಪಾನಿನ ಕ್ಲಚ್ ಪ್ಲೇಟು

ನಮ್ಮ ಮನೆ ಅಂಕೋಲೆಯಲ್ಲಿ, ಅಮ್ಮನ ತಮ್ಮನದು ಮಾಜಾಳಿಯಲ್ಲಿ. ಮಾಮ ದಿನಾ ಗಡಿ ದಾಟಿ ಗೋವೆಯ ಒಂದು ಫ್ಯಾಕ್ಟರಿಗೆ ಹೋಗುತ್ತಿದ್ದ, ಕಾಂಟ್ರಾಕ್ಟ್ ಕೆಲಸ. ಮಳೆಗಾಲ ಮುಗಿದ ಮೇಲೆ ಇಬ್ಬರನ್ನು ಕಾಯಂ ಮಾಡುತ್ತೇವೆ, ತಡವಾಗಿ ಬರುವವರ ಹೆಸರು ನೋಡುವುದೇ ಇಲ್ಲ ಎಂದು ಮ್ಯಾನೇಜರ್ ಹೇಳಿದ್ದ. ಬಸ್ಸನ್ನು ನಂಬಿದರೆ ಆಗುವ ಮಾತಲ್ಲ. ಬೈಕು ಬೇಕಿತ್ತು.

ಮಾಮ ಕೇಳಿದ್ದು ನನ್ನನ್ನು. ನನಗೆ ಹತ್ತೊಂಬತ್ತು. ಬೈಕಿನ ಪತ್ರಿಕೆ ಓದಿ, ಅಪ್ಪನ ಜಪಾನ್ ಬೈಕನ್ನು ಅಂಗಳದಲ್ಲಿ ಎರಡು ಸಲ ಬಿಚ್ಚಿ ಕಟ್ಟಿ ಕಲಿತವನು. ಎರಡನೇ ಸಲ ಒಂದು ವಾಷರ್ ಮಿಕ್ಕಿತ್ತು. ಅದಿಲ್ಲದೆಯೂ ಬೈಕು ಓಡಿತು. ನನ್ನ ಸೊಕ್ಕೆಲ್ಲ ಬಂದದ್ದು ಅಲ್ಲಿಂದ.

ಮಾಮನ ಕೈಯಲ್ಲಿದ್ದ ದುಡ್ಡಿಗೆ ಜಪಾನಿನದಾದರೆ ಹಳೆಯದು, ಚೀನಾದ್ದಾದರೆ ಹೊಸತು. ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡನ್ನೂ ಬರೆದೆ. ಚೀನಾ ಕಡೆ ಸೆಲ್ಫ್ ಸ್ಟಾರ್ಟ್, ಅಲಾಯ್ ಚಕ್ರ, ಎಷ್ಟನೇ ಗೇರ್ ಎಂದು ತೋರಿಸುವ ಕೆಂಪು ಅಂಕಿ. ಜಪಾನ್ ಕಡೆ ನನಗೆ ಬರೆಯಲು ಹೊಳೆದದ್ದು ‘ಹಳೆಯದು’ ಎಂಬುದೊಂದೇ.

“ಪಾರ್ಟು ಸಿಕ್ತದ್ಯೇನೋ ತಮಾ?”

“ಇಂಜಿನ್ ಪೂರಾ ಜಪಾನಿಂದೇ ನಕಲು ಮಾಮಾ. ಅದ್ರ ಪಾರ್ಟೇ ಇದ್ಕೂ ಕೂತ್ಕಂತದೆ.”

ಕಾರವಾರದ ಶೋರೂಮಿನವನು ನನಗೆ ಹೇಳಿದ್ದನ್ನೇ ನಾನು ಕಂಡುಹಿಡಿದವನ ಹಾಗೆ ಹೇಳಿದೆ.

“ನೀ ಹೇಳ್ದೆ ಅಂದ್ರೆ ಮುಗೀತು,” ಎಂದ ಮಾಮ.

ಮಾಜಾಳಿಯ ಚಾ ಅಂಗಡಿಯಲ್ಲಿ ಮಾಮನ ಗೆಳೆಯನೊಬ್ಬ ಹೊಸ ಚೀನಾ ಬೈಕಿನ ಸುತ್ತ ಒಂದು ಸುತ್ತು ಹಾಕಿದ.

“ಏ ಬಾವಾ, ಇದ್ಕೆ ಸೆಲ್ಲು ಎಷ್ಟು ಹಾಕೂದು? ಎರಡಾ, ಮೂರಾ?”

“ನಾಲ್ಕು. ನಿನ್ ಟಾರ್ಚಿಂದು ತೆಗ್ದು ಕೊಡು,” ಎಂದ ಮಾಮ.

ಇಬ್ಬರೂ ನಕ್ಕರು. ನನಗೆ ಮಾತ್ರ ಸಿಟ್ಟು ಬಂದಿತ್ತು.

ಮಳೆಗಾಲದ ಉಪ್ಪುಗಾಳಿಗೆ ಸೈಲೆನ್ಸರ್ ತುಕ್ಕು ಹಿಡಿದು ಕೆಂಪಾಯಿತು. ಸೆಲ್ಫ್ ಸತ್ತಿತು. ಗೇರಿನ ಅಂಕಿ ಮೂರರಲ್ಲಿ ನಿಂತಿತು; ಮನೆಯೆದುರು ಸ್ಟ್ಯಾಂಡ್ ಹಾಕಿಟ್ಟರೂ ಮೂರನೇ ಗೇರು. ಮಾಮ ದೋಣಿಗೆ ಬಳಿಯುವ ಮೀನೆಣ್ಣೆಯನ್ನೇ ಬೈಕಿನ ಹೊಟ್ಟೆಗೂ ಬಳಿದ. ಆಮೇಲೆ ಆ ಬೈಕನ್ನು ಮೆಚ್ಚಿದ್ದು ಬೀದಿ ನಾಯಿಗಳು ಮಾತ್ರ. ಅದೇ ಉಪ್ಪುಗಾಳಿಯಲ್ಲಿ ಅಪ್ಪನ ಹಳೆ ಬೈಕು ಒಂದೇ ಕಿಕ್ಕಿಗೆ ಏಳುತ್ತಿತ್ತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಆದರೂ ಮಾಮ ಒಂದು ದಿನವೂ ತಡ ಮಾಡಿರಲಿಲ್ಲ. ಕಾಯಂ ಆದವರ ಹೆಸರು ಓದುವುದಕ್ಕೆ ಒಂದು ವಾರವಿದೆ ಎನ್ನುವಾಗ ಕ್ಲಚ್ ಜಾರತೊಡಗಿತು. ಶೋರೂಮಿಗೆ ಓಡಿದರೆ ಅಲ್ಲಿ ಈಗ ಮದುವೆ ಕಾಗದ ಅಚ್ಚು ಹಾಕುತ್ತಿದ್ದರು. ಜಪಾನ್ ಬೈಕಿನ ಕ್ಲಚ್ ಪ್ಲೇಟು ತಂದೆ. ದುಂಡು ಅದೇ, ದಪ್ಪ ಅದೇ. ಅಂಚಿನ ಹಲ್ಲುಗಳು ಮಾತ್ರ ಕೂದಲೆಳೆಯಷ್ಟು ಅಗಲ, ಅವು ಕೂರಬೇಕಾದ ಖಾಂಚಿನೊಳಗೆ ಇಳಿಯಲೊಲ್ಲವು.

ಆಗಲೇ ಹೇಳಬೇಕಿತ್ತು, ಮಾಮಾ ಇದು ಕೂರುವುದಿಲ್ಲ, ಒಂದು ವಾರ ಯಾರ ಬೈಕಾದರೂ ಕೇಳು ಎಂದು. ಅಪ್ಪನದೇ ಇತ್ತಲ್ಲ. ನಾನು ಮಾಮನ ಅಂಗಳದಲ್ಲಿ ಕೂತು ಅರ ಹಿಡಿದು ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದೆ.

“ಸರಿ ಕೂತದ್ಯೇನೋ?” ಮಾಮ ಒಳಗಿನಿಂದ ಕೇಳಿದ.

“ಬರೋಬರಿ ಮಾಮಾ.”

ನಾಲ್ಕು ದಿನ ಓಡಿತು. ಐದನೇ ದಿನ ಫ್ಯಾಕ್ಟರಿ ದಾರಿಯ ಕರಮಲ ಘಾಟಿಯ ಏರಿನಲ್ಲಿ ಇಂಜಿನ್ ಕಿರುಚಿತು, ಚಕ್ರ ತಿರುಗಲಿಲ್ಲ. ಮಾಮ ಬೈಕು ತಳ್ಳಿಕೊಂಡು ಘಾಟಿ ಹತ್ತಿ ಫ್ಯಾಕ್ಟರಿ ಮುಟ್ಟುವಾಗ ಊಟದ ಗಂಟೆಯಾಗಿತ್ತು. ಎರಡು ದಿನ ಬಿಟ್ಟು ಓದಿದ ಎರಡು ಹೆಸರುಗಳಲ್ಲಿ ಅವನದಿರಲಿಲ್ಲ.

ಟೆಂಪೋದಲ್ಲಿ ಬಂದ ಬೈಕನ್ನು ಅವನ ಅಂಗಳದಲ್ಲಿ ಬಿಚ್ಚಿದೆ. ಕಪ್ಪು ಎಣ್ಣೆಯಲ್ಲಿ ಮುರಿದ ಹಲ್ಲುಗಳು, ನಾನು ಅರ ಹಾಕಿದ ಕಡೆಯೇ ತುಂಡಾಗಿದ್ದವು. ಮಾಮ ಹಿಂದೆ ಬಂದು ನಿಂತಾಗ ಅವು ನನ್ನ ಕಿಸೆ ಸೇರಿದ್ದವು.

“ಯಂತಾ ಆಗದೆ?”

“ಚೀನಾ ಮಾಲು ಮಾಮಾ,” ಎಂದೆ.

ಮಾಮ ಈಗ ಬಂದರಿನಲ್ಲಿ ಮೀನಿನ ಪೆಟ್ಟಿಗೆಗೆ ಐಸು ತುಂಬುತ್ತಾನೆ. ಚಾ ಅಂಗಡಿಯಲ್ಲಿ ಬೈಕಿನ ಮಾತು ಬಂದರೆ ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಹೇಳುತ್ತಾನೆ: “ನಮ್ ತಮಾ ಜಪಾನಿಂದೇ ಪಾರ್ಟು ಹಾಕಿ ಕೊಟ್ಟಿದ್ದಾ. ಆ ದರಿದ್ರ ಗಾಡಿಗೆ ಅದೂ ತಡೀಲಿಲ್ಲ.”

ನಾನು ಹೌದೆನ್ನುತ್ತೇನೆ.