ಕಿವಿಗಷ್ಟೇ ಕೇಳಿಸುವ ಒಂದು ಸಾಲು

ಬೆಳಿಗ್ಗೆ ಐದೂ ಮುಕ್ಕಾಲು. ಕಣ್ಣಾಸ್ಪತ್ರೆಯ ಮುಂಬಾಗಿಲು ತೆರೆಯಲು ಇನ್ನೂ ಒಂದೂಕಾಲು ಗಂಟೆ ಇದೆ. ಮೆಟ್ಟಿಲ ಕೆಳಗೆ, ಒಗೆದ ಹೊದಿಕೆಗಳ ಕಪಾಟು ಮತ್ತು ಕೆಟ್ಟು ನಿಂತ ತೂಕದ ಯಂತ್ರ ಬಿಟ್ಟುಕೊಟ್ಟ ಜಾಗದಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಹಳೆಯ ಕಪ್ಪು ಫೋನು. ಐವತ್ತೆರಡು ವರ್ಷದ ಹೆಂಗಸೊಬ್ಬರು ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. ಪರದೆಯ ಮೇಲೆ ಆಸ್ಪತ್ರೆಯ ಜಾಲತಾಣದ ಪುಟಗಳನ್ನು ತಿದ್ದುವ ಎಡಿಟರ್ ತೆರೆದಿದೆ. ಅದರ ಮೂಲೆಯಲ್ಲಿ ‘ಸಕ್ರಿಯಗೊಳಿಸಿ’ ಎಂಬ ನೀಲಿ ಗುಂಡಿ. ಅದನ್ನು ಒತ್ತಬೇಕು. ಆಕೆ ಒತ್ತುವುದಿಲ್ಲ, ಮೊಬೈಲ್ ತೆಗೆದು ಮನೆಗೆ ಫೋನ್ ಮಾಡುತ್ತಾರೆ.

“ಅತ್ತೆ, ಎದ್ರಾ? ಆರು ಗಂಟೆಗೆ ಹಾಕ್ತೀನಿ. ಫೋನ್ ಕೈಯಲ್ಲಿ ಇಟ್ಕೊಂಡಿರಿ.”

ಆ ಕಡೆಯಿಂದ ಬಂದ ಉತ್ತರ ಕೋಣೆಗೆಲ್ಲ ಕೇಳಿಸುತ್ತದೆ. “ನಾನು ನಾಲ್ಕಕ್ಕೇ ಎದ್ದು ಕೂತಿದ್ದೀನಿ ಕಣೆ. ತಡ ಮಾಡ್ತಿರೋಳು ನೀನು.”

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಪುಟದಕ್ಕ ಎನ್ನುತ್ತಾರೆ. ದಾಖಲೆಯ ಪ್ರಕಾರ ಇವರು ನೋಂದಣಿ ಗುಮಾಸ್ತೆ. ಏಳು ಗಂಟೆಗೆ ಮೂರನೇ ಕೌಂಟರಿನಲ್ಲಿ ಕೂತರೆ ಮಧ್ಯಾಹ್ನ ಮೂರರವರೆಗೆ ಹೆಸರು, ವಯಸ್ಸು, ಯಾವ ಕಣ್ಣು ಎಂದು ಕೇಳಿ ಚೀಟಿ ಬರೆಯುವುದು ಇವರ ಕೆಲಸ. ಜಾಲತಾಣ ನೋಡಿಕೊಳ್ಳಬೇಕೆಂದು ಯಾವ ಆದೇಶದಲ್ಲೂ ಬರೆದಿಲ್ಲ. ಆದರೂ ಆರು ವರ್ಷದಿಂದ ದಿನಾ ಐದೂವರೆಗೆ ಬಂದು ಈ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ನುಸುಳುತ್ತಾರೆ. ಮೊದಮೊದಲು ತಲೆ ಬಗ್ಗಿಸಲು ಮರೆತು ಹಣೆ ಚಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಅದಕ್ಕೂ ಮೊದಲು ಹದಿನೇಳು ವರ್ಷ ಇವರು ಆಸ್ಪತ್ರೆಯ ಬಾಗಿಲಲ್ಲಿದ್ದ ಕಪ್ಪು ಹಲಗೆ ಬರೆಯುತ್ತಿದ್ದರು. ಇವತ್ತು ಯಾವ ಡಾಕ್ಟರು, ಯಾವ ಕೋಣೆ, ಎಷ್ಟು ಗಂಟೆಗೆ. ದುಂಡಗಿನ ಅಕ್ಷರ, ರಸ್ತೆಯ ಆಚೆಗೂ ಕಾಣುವಷ್ಟು ದೊಡ್ಡದು. ಅಧಿಕಾರಿಗಳ ಕೈಯಲ್ಲಿದ್ದ ಜಾಲತಾಣವನ್ನು ಇನ್ನು ಮುಂದೆ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಒಂದು ಸಭೆಯಲ್ಲಿ ಎದ್ದಿತು. ಹಲಗೆ ಬರೆಯುವವರೇ ಇದನ್ನೂ ಬರೆಯಲಿ ಎಂದು ಯಾರೋ ಅಂದರು, ಎಲ್ಲರೂ ತಲೆಯಾಡಿಸಿ ಎದ್ದು ಹೋದರು. ಮೌಸ್ ಹಿಡಿಯಲು ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ಅದೇ ವರ್ಷ ಗಂಡ ದುಡಿಯುತ್ತಿದ್ದ ಲೇತ್ ಕಾರ್ಖಾನೆ ಬಾಗಿಲು ಹಾಕಿತ್ತು. ಬರುವುದಿಲ್ಲ ಎನ್ನುವ ಧೈರ್ಯ ತನಗಿರಲಿಲ್ಲ ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನರ್ಸಿಂಗ್ ಓದುತ್ತಿದ್ದ ಮಗಳು ಊಟದ ಮೇಜಿನ ಮೇಲೆ ಪಾಠ ಶುರು ಮಾಡಿದಳು. “ಅಮ್ಮ, ಅಷ್ಟು ಜೋರಾಗಿ ಒತ್ತಬೇಡ, ಅದು ಕರೆಗಂಟೆ ಅಲ್ಲ” ಎಂದು ಮಗಳು ಗದರಿದ್ದನ್ನು ಈಗಲೂ ನಗುತ್ತಾ ನೆನೆಯುತ್ತಾರೆ.

ಏನು ಕೆಲಸ ಇದು ಎಂದು ಕೇಳಿದವರಿಗೆ ಇವರದು ಒಂದೇ ವಿವರಣೆ. “ಜಾಲತಾಣ ಅಂದ್ರೆ ಖಾಲಿ ಮನೆ. ಫ್ಯಾನು ಬೇಕಾ, ಲೈಟು ಬೇಕಾ, ಬಾಗಿಲಿಗೆ ಗಂಟೆ ಬೇಕಾ, ಒಂದೊಂದೂ ತಂದು ಸಿಕ್ಕಿಸ್ಬೇಕು. ಅದಕ್ಕೆ ಪ್ಲಗಿನ್ ಅಂತಾರೆ. ಸಿಕ್ಕಿಸೋದು ಸುಲಭ. ಆಮೇಲೆ ಯಾವುದು ಯಾವುದರ ಜೊತೆ ಜಗಳ ಆಡುತ್ತೆ ಅಂತ ನೋಡ್ಕೊಳ್ಳೋದೇ ಬಾಳು.”

ಇವರ ಕೈಗೆ ಬಂದಾಗ ಜಾಲತಾಣದಲ್ಲಿ ನಲವತ್ತೊಂದು ಪ್ಲಗಿನ್‌ಗಳಿದ್ದವು. ಬಂದು ಹೋದ ಅಧಿಕಾರಿಗಳೆಲ್ಲ ಒಂದೊಂದು ಸೇರಿಸಿ ಹೋಗಿದ್ದರು. ಪುಟ ತೆರೆಯಲು ಹತ್ತೊಂಬತ್ತು ಸೆಕೆಂಡು ಹಿಡಿಯುತ್ತಿತ್ತು. ಈಗ ಉಳಿದಿರುವುದು ಹದಿನಾಲ್ಕು, ತೆರೆಯಲು ಬೇಕಾಗಿರುವುದು ಮೂರು ಸೆಕೆಂಡು. ದಿನಕ್ಕೆ ಸಾವಿರದ ಒಂಬೈನೂರು ಸಲ ಆ ಪುಟ ಎಲ್ಲೆಲ್ಲೋ ತೆರೆದುಕೊಳ್ಳುತ್ತದೆ. ಮೇಜಿನ ಖಾನೆಯಲ್ಲಿರುವ ಉದ್ದನೆಯ ನೋಟ್‌ಬುಕ್ಕಿನಲ್ಲಿ ಹದಿನಾಲ್ಕಕ್ಕೂ, ತೆಗೆದುಹಾಕಿದ ಕೆಲವಕ್ಕೂ ಅಡ್ಡಹೆಸರುಗಳಿವೆ. ಡಾಕ್ಟರುಗಳ ವೇಳಾಪಟ್ಟಿ ತೋರಿಸುವುದು ಹಿರಿಯಕ್ಕ, ಮನೆಯ ಭಾರವೆಲ್ಲ ಅವಳ ಮೇಲೆ. ಎಲ್ಲ ಕೇಳಿ ತಿಳಿದುಕೊಂಡು ಅರ್ಧ ಮರೆಯುವ ಅರ್ಜಿ ನಮೂನೆ, ಚಿಕ್ಕಪ್ಪ. ಉದ್ಘಾಟನೆಯ ಫೋಟೋಗಳನ್ನು ಒಂದಾದ ಮೇಲೊಂದು ಜಾರಿಸುತ್ತಿದ್ದದ್ದು ಹೊಸ ಅಳಿಯ. ಉಪಚಾರ ಬಹಳ, ಉಪಯೋಗ ಸೊನ್ನೆ ಎಂದು ಅದನ್ನು ಎರಡನೇ ವರ್ಷವೇ ಮನೆಗೆ ಕಳಿಸಿಯಾಗಿದೆ.

ಪುಟದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಪ್ಲಗಿನ್ನಿಗೆ ಹೆಸರಿಟ್ಟವರು ಅತ್ತೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಕಳೆದುಕೊಂಡ ಅತ್ತೆಗೆ ಬಾಯಿ ಮಾತ್ರ ನೆಟ್ಟಗಿದೆ. ಸೊಸೆ ಜಾಲತಾಣದ ಬಗ್ಗೆ ಕೊಚ್ಚಿಕೊಂಡ ಒಂದು ದಿನ ಆಕೆ ಕೇಳಿದರಂತೆ, “ಕಣ್ಣು ಕಾಣದೋರಿಗೆ ಅಂತ ಆಸ್ಪತ್ರೆ ಕಟ್ಟಿ, ಕಣ್ಣಿದ್ದೋರು ಮಾತ್ರ ಓದೋ ಹಾಗೆ ಬರೆದಿದ್ದೀರಲ್ಲೇ?” ಅಕ್ಕ ಮರುದಿನವೇ ಕಂಪ್ಯೂಟರಿನ ಮುಂದೆ ಕೂತರು. ಒಂದು ವಾರ ಹುಡುಕಿ ಆ ಪ್ಲಗಿನ್ ತಂದು ಹಾಕಿದರು. ಪುಟದ ಯಾವ ಮೂಲೆಯಲ್ಲಿ ಬೆರಳಿಟ್ಟು ಒತ್ತಿ ಹಿಡಿದರೂ ಒಂದು ಹೆಣ್ಣುದನಿ ಓದಲು ಶುರು ಮಾಡುತ್ತದೆ. ಅತ್ತೆ ಅದನ್ನು ಕಿರಿಸೊಸೆ ಎಂದು ಕರೆದರು. “ನಿನಗಿಂತ ಇವಳೇ ವಾಸಿ. ಹೇಳಿದ್ದು ಹೇಳ್ತಾಳೆ, ಎದುರುತ್ತರ ಕೊಡಲ್ಲ.”

ಅಕ್ಕ ಒಂದು ನಿಯಮವನ್ನು ಮಾತ್ರ ಎಂದೂ ಮುರಿಯುವುದಿಲ್ಲ. ಯಾವ ಬದಲಾವಣೆಯಾದರೂ ಮೊದಲು ಹೊರಗಿನವರಿಗೆ ಕಾಣದ ‘ತಾಲೀಮು ಪುಟ’ದಲ್ಲಿ, ಒಂದು ಸಲಕ್ಕೆ ಒಂದೇ, ಅದೂ ಬೆಳಿಗ್ಗೆ ಏಳರೊಳಗೆ. ಈ ನಿಯಮ ಹುಟ್ಟಿದ್ದು ಒಂದು ತಪ್ಪಿನಿಂದ. ಮೊದಲ ವರ್ಷ, ಒಂದು ಸೋಮವಾರ ಸಂಜೆ ಆತುರದಲ್ಲಿ ‘ಎಲ್ಲವನ್ನೂ ನವೀಕರಿಸಿ’ ಎಂಬ ಗುಂಡಿ ಒತ್ತಿ ಮನೆಗೆ ಹೋದರು. ಹಿರಿಯಕ್ಕನ ಹೊಸ ಆವೃತ್ತಿಯಲ್ಲಿ ವಾರ ಭಾನುವಾರದಿಂದ ಶುರುವಾಗುತ್ತಿತ್ತು. ವಾರಗಳ ತಲೆಬರಹವನ್ನು ಇವರು ಕೈಯಾರೆ ಸೋಮವಾರದಿಂದ ಬರೆದಿದ್ದರು. ಇಡೀ ಪಟ್ಟಿ ಒಂದು ಮನೆ ಸರಿಯಿತು. ಸೋಮವಾರ ಬರುವ ರೆಟಿನಾ ಡಾಕ್ಟರು ಮಂಗಳವಾರಕ್ಕೆ ಬಂದು ಕೂತರು. ಮರುದಿನ ಬೆಳಿಗ್ಗೆ ಇಪ್ಪತ್ತಾರು ಜನ ಬಾಗಿಲಲ್ಲಿ, ಡಾಕ್ಟರು ಇಲ್ಲ.

ಅಕ್ಕ ಬಾಗಿಲಿಗೆ ಹೋಗಿ ನಿಂತು ಒಬ್ಬೊಬ್ಬರಿಗೂ ತಪ್ಪು ನನ್ನದು ಎಂದು ಹೇಳಿದರು. ಕೆಲವರು ಬೈದರು. ಮಗಳ ಹೆಗಲ ಮೇಲೆ ಕೈಯಿಟ್ಟು ಬಂದಿದ್ದ ಮುದುಕರೊಬ್ಬರು ಬೈಯಲಿಲ್ಲ. “ಹೋಗ್ಲಿ ಬಿಡು ತಾಯಿ, ದಾರಿ ಆದ್ರೂ ಗೊತ್ತಾಯ್ತಲ್ಲ” ಎಂದು ಬಂದ ದಾರಿಯಲ್ಲೇ ತಿರುಗಿದರು. ಅದನ್ನು ಹೇಳುವಾಗ ಅಕ್ಕನ ದನಿ ಇವತ್ತಿಗೂ ಸಣ್ಣಗಾಗುತ್ತದೆ. ಬೈದಿದ್ದರೆ ಮರೆತುಬಿಡುತ್ತಿದ್ದೆ ಎನ್ನುತ್ತಾರೆ.

ಈಗಿನ ಪರದಾಟ ಶುರುವಾಗಿ ನಲವತ್ತು ದಿನವಾಯಿತು. ಎಡಿಟರನ್ನು ಹೊಸ ಆವೃತ್ತಿಗೆ ಏರಿಸುವ ಗುತ್ತಿಗೆದಾರರಿಂದ ಪತ್ರ ಬಂದಿತು. ಹದಿಮೂರು ಪ್ಲಗಿನ್‌ಗಳು ಹೊಸದಕ್ಕೆ ಹೊಂದುತ್ತವೆ, ಓದಿ ಹೇಳುವುದು ಹೊಂದುವುದಿಲ್ಲ. ಅದನ್ನು ಮಾಡಿದವರು ಕೈಬಿಟ್ಟು ವರ್ಷಗಳಾಗಿವೆ. ಅದಕ್ಕೆ ಬಳಕೆದಾರರೂ ಇಲ್ಲ, ಹತ್ತು ದಿನದಲ್ಲಿ ತೆಗೆದುಹಾಕುತ್ತೇವೆ. ಅಕ್ಕ ಆ ಪತ್ರ ಹಿಡಿದು ಸೂಪರಿಂಟೆಂಡೆಂಟ್ ಡಾಕ್ಟರ ಬಳಿ ಹೋದರು. ಡಾಕ್ಟರು ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ಯಾರು ಕೇಳುತ್ತಾರೆ ಎಂದು ಪ್ರಶ್ನಿಸಿದರು. ನಮ್ಮತ್ತೆ ಕೇಳುತ್ತಾರೆ ಎಂದಾಗ ನಕ್ಕರು. ಮನೆಯವರನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ, ಸಂಖ್ಯೆ ತಂದರೆ ನೋಡೋಣ ಎಂದರು.

ಸಂಖ್ಯೆ ಇರಲಿಲ್ಲ. ಪುಟ ಎಷ್ಟು ಸಲ ತೆರೆಯಿತು ಎಂಬುದು ತಿಳಿಯುತ್ತದೆ, ತೆರೆದವರು ಓದಿದರೋ ಕೇಳಿದರೋ ತಿಳಿಯುವುದಿಲ್ಲ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಗಂಡ ಹೇಳುತ್ತಾರೆ. ಮೂರನೇ ದಿನ ಒಂದು ಉಪಾಯ ಹೊಳೆಯಿತು. ಪುಟಕ್ಕೆ ಚಿತ್ರ ಹಾಕುವಾಗ ಅದರ ಹಿಂದೆ ಒಂದು ವಿವರಣೆ ಬರೆಯುವ ಜಾಗವಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಓದಿ ಹೇಳುವ ದನಿ ಮಾತ್ರ ಅದನ್ನು ಓದುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಯಾವ ಹನಿ ಯಾವಾಗ ಎಂದು ತಿಳಿಸುವ ಪುಟದ ಕೊನೆಯಲ್ಲಿ ಹನಿಯೌಷಧದ ಸೀಸೆಯ ಚಿತ್ರವಿತ್ತು. ಅದರ ಹಿಂದೆ ಅಕ್ಕ ಬರೆದರು: ಇದನ್ನು ಕೇಳುತ್ತಿರುವವರು ದಯವಿಟ್ಟು ಬೆಳಿಗ್ಗೆ ಆರರಿಂದ ಏಳರೊಳಗೆ ಈ ನಂಬರಿಗೆ ಒಂದು ಫೋನ್ ಮಾಡಿ. ಕೆಳಗೆ ಕಪ್ಪು ಫೋನಿನ ಎಂಟಂಕಿಯ ನಂಬರು.

ಒಂದು ಬೆಳಿಗ್ಗೆ ಹೋಯಿತು, ಫೋನ್ ಇಲ್ಲ. ಎರಡನೆಯದೂ ಹೋಯಿತು. ಮೂರನೇ ದಿನ, ಗುತ್ತಿಗೆದಾರರು ಬರೆದದ್ದೇ ನಿಜವಿರಬಹುದು ಎಂದು ಅಕ್ಕ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಹಿಡಿದರು. “ಅದ್ಯಾರಿಗೆ ಕೊಡ್ಬೇಕೇ ಅಷ್ಟೊಂದು? ಎರಡು ಕೋಟಿ ನಲವತ್ತಾರು ಲಕ್ಷ ಅಂತಾಳಲ್ಲ ನನ್ನ ಕಿರಿಸೊಸೆ?”

ಎಂಟೂ ಅಂಕಿಗಳನ್ನು ಒತ್ತೊತ್ತಾಗಿ ಬರೆದದ್ದರಿಂದ ದನಿ ಅದನ್ನು ಫೋನ್ ನಂಬರ್ ಎಂದು ತಿಳಿಯದೆ ಒಂದು ದೊಡ್ಡ ಸಂಖ್ಯೆಯಾಗಿ ಓದುತ್ತಿತ್ತು. ಪ್ಲಗಿನ್ ಅಲ್ಲವಲ್ಲ, ಒಂದೇ ಸಾಲು ತಾನೇ ಎಂದು ತಾಲೀಮು ಪುಟಕ್ಕೆ ಹಾಕದೆ, ಅತ್ತೆಗೂ ಕೇಳಿಸದೆ ನೇರವಾಗಿ ಹಾಕಿದ್ದರ ಫಲ. “ಐದು ವರ್ಷ ಪಾಲಿಸಿದ್ದನ್ನ ಬೇಕಾದ ದಿನವೇ ಮುರಿದೆ” ಎಂದು ಹಣೆ ಬಡಿದುಕೊಳ್ಳುತ್ತಾರೆ ಅಕ್ಕ. ಮರುದಿನ ಅಂಕಿಗಳ ನಡುವೆ ಒಂದೊಂದು ಜಾಗ ಬಿಟ್ಟು ಬರೆದರು. ಇಷ್ಟರಲ್ಲಿ ಹತ್ತರಲ್ಲಿ ಆರು ದಿನ ಕೈಬಿಟ್ಟಿದ್ದವು.

ಅದೇ ಬೆಳಿಗ್ಗೆ ಆರೂ ಹತ್ತಕ್ಕೆ ಕಪ್ಪು ಫೋನ್ ಹೊಡೆದುಕೊಂಡಾಗ, ಬಟ್ಟೆ ವಿಭಾಗದವರು ಯಾರೋ ತಪ್ಪಿ ಮಾಡಿರಬೇಕು ಎಂದುಕೊಂಡೇ ಎತ್ತಿದರಂತೆ. ಹೆಂಗಸೊಬ್ಬರ ಹೆದರಿದ ದನಿ. “ಫೋನ್ ಮಾಡಿ ಅಂದ್ರಲ್ಲ, ನಮ್ಮಿಂದ ಏನಾದ್ರೂ ತಪ್ಪಾಯ್ತಾ ಅಮ್ಮ?” ಇಲ್ಲ ಎಂದು ಹೇಳಿ ಅಕ್ಕ ನೋಟ್‌ಬುಕ್ಕಿನಲ್ಲಿ ಮೊದಲ ಗೀಟು ಹಾಕಿದರು. ಆ ದಿನ ನಾಲ್ಕು ಕರೆ. ಮರುದಿನ ಹದಿನೇಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು, ಅಕ್ಷರ ಕಲಿಯದವರು, ಕನ್ನಡಕ ಒಡೆದುಕೊಂಡವರು, ಗಂಡನಿಗೆ ಕೇಳಿಸಲೆಂದು ದಿನಾ ಹಚ್ಚುವ ಹೆಂಡತಿಯರು. ಒಬ್ಬರೇ ಬಾಡಿಗೆ ಕೋಣೆಯಲ್ಲಿರುವ ಮುದಿ ಟೈಲರು, ಈ ದನಿ ಕೇಳಿಕೊಂಡೇ ಏಳು ತಿಂಗಳಿಂದ ಹನಿ ಹಾಕಿಕೊಳ್ಳುತ್ತಿದ್ದೇನೆ ಎಂದರು.

ಮೂರನೇ ದಿನ ಅಕ್ಕ ಸೂಪರಿಂಟೆಂಡೆಂಟರನ್ನೇ ಕರೆದು ತಂದರು. ಅವರೂ ಮೆಟ್ಟಿಲಿಗೆ ಹಣೆ ಹೊಡೆದುಕೊಂಡೇ ಒಳಬಂದರು. ಫೋನ್ ಬಡಿದುಕೊಂಡಾಗ ಅಕ್ಕ ಎತ್ತದೆ ಅವರ ಕಡೆ ಸರಿಸಿದರು. ಡಾಕ್ಟರು ಒಂದು ಗಂಟೆ ಕೂತರು, ಹತ್ತೊಂಬತ್ತು ಕರೆ ಎತ್ತಿದರು. ಅದೇ ಮಧ್ಯಾಹ್ನ ಗುತ್ತಿಗೆದಾರರಿಗೆ ಪತ್ರ ಹೋಯಿತು. ಹೊಂದುವಂಥ ಬೇರೊಂದು ದನಿ ಸಿಗುವವರೆಗೆ ಹಳೆಯದಕ್ಕೆ ಕೈ ಹಚ್ಚುವಂತಿಲ್ಲ, ಕೊಡುವ ಗಡುವು ಒಂದು ತಿಂಗಳು.

ಆ ತಿಂಗಳಿಡೀ ಅಕ್ಕ ತಾಲೀಮು ಪುಟದಲ್ಲಿ ಒಂದೊಂದೇ ಪ್ಲಗಿನ್ ಕೂರಿಸಿದರು, ತೀರ್ಪುಗಾರರ ಸ್ಥಾನದಲ್ಲಿ ಅತ್ತೆ. ಮೊದಲನೆಯವಳಿಗೆ ಮೂಗು ಕಟ್ಟಿದೆ ಎಂದರು. ಎರಡನೆಯವಳು ಬಸ್ಸು ತಪ್ಪಿಹೋಗುವವಳ ಹಾಗೆ ಓಡುತ್ತಾಳೆ. ಮೂರನೆಯವಳು ಚಿತ್ರದ ಹಿಂದಿನ ಬರಹವನ್ನು ಓದುವುದೇ ಇಲ್ಲ. ನಾಲ್ಕನೆಯವಳನ್ನು ಅರ್ಧ ಗಂಟೆ ಕೇಳಿ, “ಇರ್ಲಿ, ಬಾಳಿಸೋಣ” ಎಂದರು.

ಗುತ್ತಿಗೆದಾರರು ನಿನ್ನೆ ಎಡಿಟರನ್ನು ಹೊಸ ಆವೃತ್ತಿಗೆ ಏರಿಸಿದ್ದಾರೆ. ಕಿರಿಸೊಸೆ ಹೋದಳು. ನಾಲ್ಕನೆಯವಳು ಇವತ್ತು ಮನೆಗೆ ಬರಬೇಕು. ಎಲ್ಲ ತಾಲೀಮು ಆದರೂ ನಿಜವಾದ ಪುಟದಲ್ಲಿ ಉಳಿದ ಹದಿಮೂರರ ಜೊತೆ ಇವಳು ಹೇಗಿರುತ್ತಾಳೋ ಎಂದು ಅಕ್ಕ ಮತ್ತೊಮ್ಮೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಗಡಿಯಾರ ಆರು ತೋರಿಸುತ್ತದೆ. ನೀಲಿ ಗುಂಡಿ ಒತ್ತುತ್ತಾರೆ. ಮೂರು ಸೆಕೆಂಡಿಗೆ ಪುಟ ತೆರೆಯುತ್ತದೆ. ಹಿರಿಯಕ್ಕನ ಪಟ್ಟಿಯನ್ನು ಬೆರಳಿಟ್ಟು ನೋಡುತ್ತಾರೆ, ರೆಟಿನಾ ಡಾಕ್ಟರು ಸೋಮವಾರದಲ್ಲೇ ಇದ್ದಾರೆ. ಮೊಬೈಲಿನಲ್ಲಿ ಅತ್ತೆ ‘ಓದ್ತಿದ್ದಾಳೆ’ ಎಂದಷ್ಟೇ ಹೇಳಿ ಇಡುತ್ತಾರೆ. ಮನೆಯವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲವಲ್ಲ, ಚಿತ್ರದ ಹಿಂದಿನ ಆ ಸಾಲು ಕೇಳಿ ಯಾರಾದರೂ ಕರೆ ಮಾಡಲಿ ಎಂದು ಅಕ್ಕ ಕಪ್ಪು ಫೋನನ್ನೇ ನೋಡುತ್ತಾ ಕೂರುತ್ತಾರೆ.

ಆರೂಕಾಲು. ಆರೂ ಇಪ್ಪತ್ತು. ಹೊದಿಕೆ ಒಯ್ಯಲು ಬಂದ ಆಯಾ ಮಾತಾಡಿಸಿದರೂ ಅಕ್ಕನಿಗೆ ಕೇಳಿಸುವುದಿಲ್ಲ. ಆರೂ ಇಪ್ಪತ್ತೆಂಟಕ್ಕೆ ಫೋನ್ ಹೊಡೆದುಕೊಳ್ಳುತ್ತದೆ. ಟೈಲರು. ಸಿಟ್ಟಿನಲ್ಲಿದ್ದಾರೆ.

“ಹಳೇ ಹುಡುಗಿ ಎಲ್ಲಿ ಹೋದ್ಲಮ್ಮ? ಇವಳು ಯಾರು? ಬಾಯಲ್ಲಿ ಏನೋ ಇಟ್ಕೊಂಡು ಓದ್ತಾಳೆ.”

ಅಕ್ಕ ಕಣ್ಣು ಮುಚ್ಚಿಕೊಂಡು ಉಸಿರು ಬಿಡುತ್ತಾರೆ. ಹಳೆಯವಳು ಇನ್ನು ಬರುವುದಿಲ್ಲ, ಇವಳನ್ನು ನಾಲ್ಕು ದಿನ ನೋಡಿ ಎಂದು ಸಮಾಧಾನ ಹೇಳುತ್ತಾರೆ. ಆಮೇಲೆ ಮೆಲ್ಲಗೆ, ಇವತ್ತಿನ ಹನಿ ಯಾವುದು ಅಂದಳು ಎಂದು ಕೇಳುತ್ತಾರೆ. ಟೈಲರು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಎಂಟಕ್ಕೆ ಬಿಳಿ ಮುಚ್ಚಳದ್ದು. ಹತ್ತು ನಿಮಿಷ ಬಿಟ್ಟು ಹಳದಿದು. ಮಧ್ಯಾಹ್ನ ಎರಡಕ್ಕೆ ಮತ್ತೆ ಬಿಳಿ. ಮಲಗುವಾಗ ಹಸಿರು. ಅಕ್ಕ ಪರದೆಯ ಮೇಲೆ ಬೆರಳು ಓಡಿಸುತ್ತಾ ಹೋಗುತ್ತಾರೆ, ಒಂದೂ ತಪ್ಪಿಲ್ಲ.

ಫೋನ್ ಇಟ್ಟು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ‘ದೂರು, ಒಂದು’ ಎಂದು ಅದೇ ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ಏಳಕ್ಕೆ ಐದು ನಿಮಿಷವಿರುವಾಗ ಹೊರಗೆ ಸಾಲು ಕಟ್ಟಿದ ಜನರ ಸದ್ದು ಕೇಳುತ್ತದೆ. ಅಕ್ಕ ತಲೆ ಬಗ್ಗಿಸಿ ಮೆಟ್ಟಿಲ ಕೆಳಗಿಂದ ಹೊರಬರುತ್ತಾರೆ. ಇನ್ನು ಎಂಟು ವರ್ಷಕ್ಕೆ ನಿವೃತ್ತಿ. ಅಷ್ಟರಲ್ಲಿ ಏನಾಗಬೇಕು ಎಂದು ಕೇಳಿದರೆ ಕೌಂಟರಿನ ಬೀಗ ತೆಗೆಯುತ್ತಾ ನಾಚಿಕೊಂಡು ಹೇಳುತ್ತಾರೆ.

“ನಾನು ಹೋದ ದಿನ ಆ ಟೈಲರಿಗೆ ಗೊತ್ತಾಗಬಾರದು ನೋಡಿ. ಮಾರನೇ ದಿನ ಬೆಳಿಗ್ಗೆನೂ ಅವರು ಬಿಳಿ ಮುಚ್ಚಳದ್ದನ್ನ ಎಂಟಕ್ಕೇ ಹಾಕ್ಕೋಬೇಕು. ಅಷ್ಟೇ.”