ಹೆಸರು ಬರೆಯಬೇಕಾಗಿಲ್ಲ

ಅಕ್ಕೋರ ಬಲಗೈಯ ನಡುಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಕಡಲೆಕಾಳಿನಷ್ಟು ದಪ್ಪದ ಒಂದು ಗಂಟಿತ್ತು. ಪೆನ್ನು ಹಿಡಿದು ಹಿಡಿದು ಆದದ್ದು. ಅದರೊಳಗೆ ಕೆಂಪು ಶಾಯಿ ಎಷ್ಟು ಇಳಿದಿತ್ತೆಂದರೆ ಪಾತ್ರೆ ತಿಕ್ಕಿದರೂ, ಹಿಟ್ಟು ನಾದಿದರೂ ಹೋಗುತ್ತಿರಲಿಲ್ಲ. ಕೆನಡಾದ ಮೆಡೋವೇಲ್‌ನಲ್ಲಿ ಅವರ ಮನೆಯ ಬೇಸ್‌ಮೆಂಟು ಬಾಡಿಗೆಗೆ ಕೇಳಲು ಹೋದ ದಿನ ನಾನು ಅದನ್ನು ಗಾಯ ಅಂದುಕೊಂಡೆ.

"ಕೈಗೆ ಏನ್ ಮಾಡ್ಕೊಂಡ್ರಿ?" ಎಂದು ಕೇಳಿದೆ.

"ಮಾಸ್ತರಿಕಿ ಮಾಡ್ಕೊಂಡೆ," ಅಂದರು.

ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಅನ್ನುತ್ತೇವೆ. ನಾನು ಬೆಳಗಾವಿ ಜಿಲ್ಲೆಯವಳು, ಅವರು ಧಾರವಾಡದವರು. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿ, ಗಂಡನ ಕೆಲಸದ ಬೆನ್ನು ಹತ್ತಿ ಕೆನಡಾಕ್ಕೆ ಬಂದಿದ್ದರು. ಇಲ್ಲಿಯ ಲೈಸೆನ್ಸು ಸಿಗಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಹದಿನೆಂಟು ವರ್ಷ ಕಲಿಸಿದವರಿಗೆ ಕಲಿಸಲು ಬರುತ್ತದೆ ಎಂದು ನಂಬಿಸಲು ನಾಲ್ಕು ವರ್ಷ.

ನಾನು ಆಗ ಬೋಲ್ಟನ್ನಿನ ಒಂದು ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ನನ್ನ ಬಳಿ ಬಿ.ಎಡ್ ಇದೆ ಎನ್ನುವುದು ಅಕ್ಕೋರಿಗೆ ಗೊತ್ತಾದದ್ದೇ ತಡ, ನನ್ನ ನೆಮ್ಮದಿ ಹೋಯಿತು. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು, "ಬಿ.ಎಡ್ ಮಾಡಿ ಚೀಟಿ ಅಂಟಸ್ತೀಯೇನ ತಂಗಿ? ನಾಚಿಕಿ ಬರಂಗಿಲ್ಲೇನ?" ಎಂದು ದಿನಾ ಕಾಡಿದರು. ಫಾರ್ಮು ತಾವೇ ತಂದು ತುಂಬಿದರು. ಯೂನಿವರ್ಸಿಟಿಯಿಂದ ಅಂಕಪಟ್ಟಿ ಬರದಿದ್ದಾಗ ಧಾರವಾಡದಲ್ಲಿದ್ದ ತಮ್ಮ ಹಳೇ ವಿದ್ಯಾರ್ಥಿಯನ್ನು ಆಫೀಸಿಗೆ ಕಳಿಸಿ, ಅದು ಬರುವವರೆಗೂ ಅವನನ್ನು ಬಿಡಲಿಲ್ಲ. ಎರಡು ವರ್ಷಕ್ಕೆ ನಾನೂ ಅವರ ಹಾಗೆ ಸಪ್ಲೈ ಟೀಚರ್ ಆದೆ. ಅಂದರೆ ಯಾರಾದರೂ ರಜೆ ಹಾಕಿದ ದಿನ ಅವರ ತರಗತಿ ಕಾಯುವ ಕೆಲಸ.

ಬೆಳಗಿನ ಆರಕ್ಕೆ ಫೋನು ಬರುತ್ತಿತ್ತು. ಮಾತಾಡುವುದು ಮನುಷ್ಯರಲ್ಲ, ಯಂತ್ರ. ಇಂಥ ಶಾಲೆ, ಇಂಥ ತರಗತಿ, ಒಪ್ಪುವುದಾದರೆ ಒಂದು ಒತ್ತಿ. ಮೇಲಿನಿಂದ ಅಕ್ಕೋರ ದನಿ ನನಗೆ ಕೇಳುತ್ತಿತ್ತು: "ಬರ್ತೀನಿ ಮಾರಾಯ್ತಿ, ಒದರಬ್ಯಾಡ." ಆ ಯಂತ್ರದ ಹೆಂಗಸಿನ ಜೊತೆ ಅವರು ಒಟ್ಟು ಹನ್ನೆರಡು ವರ್ಷ ಜಗಳಾಡಿದ್ದಾರೆ.

ಸಪ್ಲೈ ಟೀಚರಿಗೆ ಮೇಜಿನ ಮೇಲೊಂದು ಚೀಟಿ ಬಿಟ್ಟಿರುತ್ತಾರೆ. ಸಿನಿಮಾ ಹಾಕಿ, ಇಲ್ಲವೇ ಈ ಹಾಳೆ ಹಂಚಿ, ಗದ್ದಲ ಆಗದಂತೆ ನೋಡಿಕೊಳ್ಳಿ. ನಮ್ಮಂಥವರಿಗೆ ಅದು ಆರಾಮದ ಕೆಲಸ. ಅಕ್ಕೋರಿಗೆ ಅದು ಮರ್ಯಾದೆ ತೆಗೆದ ಹಾಗೆ. ಅವರು ಸಿನಿಮಾ ಹಾಕುತ್ತಿರಲಿಲ್ಲ, ಪಾಠ ಮಾಡುತ್ತಿದ್ದರು. ಹಾಳೆ ಹಂಚಿದರೆ ಸಂಜೆ ಹೊರಡುವ ಮುಂಚೆ ಅಷ್ಟನ್ನೂ ತಿದ್ದಿ ಇಡುತ್ತಿದ್ದರು. ಒಮ್ಮೆ ಒಂದು ಶಾಲೆಯಲ್ಲಿ ಸಮಯ ಉಳಿಯಿತು ಎಂದು ಮೇಜಿನ ಮೂಲೆಯಲ್ಲಿ ತಿಂಗಳಿಂದ ಬಿದ್ದಿದ್ದ ಉತ್ತರಪತ್ರಿಕೆಗಳ ಕಟ್ಟನ್ನೂ ಬಿಚ್ಚಿ ತಿದ್ದಿಬಿಟ್ಟರು. ಪ್ರಶ್ನೆಗಳಲ್ಲೇ ಎರಡು ತಪ್ಪಿದ್ದವು, ಅವನ್ನೂ ತಿದ್ದಿದರು. ರಜೆ ಮುಗಿಸಿ ಬಂದ ಮೇಷ್ಟ್ರು ಇನ್ನು ಈ ಹೆಂಗಸನ್ನು ನನ್ನ ಕ್ಲಾಸಿಗೆ ಕಳಿಸಬೇಡಿ ಎಂದು ಬರೆದು ಕೊಟ್ಟರು. ಅಕ್ಕೋರಿಗೆ ಅರ್ಥವೇ ಆಗಲಿಲ್ಲ. "ಅಂವಗ ಉಪಕಾರ ಮಾಡೇನಲ್ಲ, ಸಿಟ್ಟು ಯಾಕಂತ?" ಎಂದು ನನ್ನನ್ನೇ ಕೇಳಿದರು.

ತಿದ್ದಿದ ಪ್ರತಿ ಹಾಳೆಯ ಕೆಳಗೆ ಅವರು ಇಂಗ್ಲಿಷಿನಲ್ಲಿ 'ಸೀನ್' ಎಂದು ಬರೆದು, ಸಹಿ ಹಾಕಿ, ತಾರೀಕು ಹಾಕುತ್ತಿದ್ದರು. ನೋಡಿದೆ ಎಂದು. ನಮ್ಮಲ್ಲಿ ನೋಟ್‌ಬುಕ್ಕು ತಿದ್ದಿಸಿಕೊಂಡ ಎಲ್ಲರಿಗೂ ಅದು ಗೊತ್ತು. ಆ ಒಂದು ಪದಕ್ಕಾಗಿ ನಾವು ಸಾಲಾಗಿ ನಿಂತವರು. ಇಲ್ಲಿಯವರಿಗೆ ಅದು ತಿಳಿಯಲಿಲ್ಲ. ನೋಡಿದಿರಿ ಸರಿ, ಅನ್ನಿಸಿದ್ದೇನು? ಬರೀ ನೋಡಿ ಸುಮ್ಮನಾದಿರಾ?

ಇಂಥ ಅಕ್ಕೋರಿಗೆ ಕೊನೆಗೂ ಮಿಸ್ಸಿಸಾಗಾದ ಒಂದು ಶಾಲೆಯಲ್ಲಿ ವರ್ಷಪೂರ್ತಿಯ ಕೆಲಸ ಸಿಕ್ಕಿತು. ಏಳನೇ ತರಗತಿಯ ಟೀಚರ್ ಹೆರಿಗೆ ರಜೆಗೆ ಹೋಗಿದ್ದಳು, ವಾಪಸು ಬರುವ ಮನಸ್ಸಿಲ್ಲ ಎಂದೂ ಸುದ್ದಿಯಿತ್ತು. ಹಾಗಾದರೆ ಜೂನಿನಲ್ಲಿ ಆ ಜಾಗ ಪರ್ಮನೆಂಟು. ಅಕ್ಕೋರಿಗೆ ಆಗ ಐವತ್ತೊಂದು. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಅವರು ಬೇರೆಯದೇ ಮನುಷ್ಯರಾದರು. ಫೋನಿನ ಯಂತ್ರಕ್ಕೆ ಬೈಯುವುದು ನಿಂತಿತು. ಸಂಜೆ ಮನೆಗೆ ಬಂದು ಚಹಾ ಕುಡಿಯುವ ಮೊದಲೇ ಮಕ್ಕಳ ತಪ್ಪುಗಳನ್ನು ನನಗೆ ವರದಿ ಮಾಡುತ್ತಿದ್ದರು. "ಅರ್ಧಕ್ಕ ಮೂರರಾಗಿನ ಒಂದು ಪಾಲು ಕೂಡಸು ಅಂದ್ರ ಐದರಾಗ ಎರಡು ಅಂತ ಬರದಾಳ. ಮ್ಯಾಲಿಂದು ಮ್ಯಾಲ ಕೂಡ್ಸ್ಯಾಳ, ಕೆಳಗಿಂದು ಕೆಳಗ. ಎಷ್ಟ್ ನೀಟ್ ತಪ್ಪು ನೋಡು!" ಇನ್ನೊಬ್ಬರ ಮಕ್ಕಳ ತಪ್ಪಿಗೆ ಇಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. "ಸರಿ ಉತ್ತರ ಎಲ್ಲಾರದೂ ಒಂದ ಇರ್ತೈತಿ. ಹುಡುಗ ಕಾಣೂದು ತಪ್ಪಿನ್ಯಾಗ," ಅನ್ನುತ್ತಿದ್ದರು.

ಚಳಿಗಾಲದಲ್ಲಿ 'ಸೀನ್' ತೊಂದರೆ ಕೊಟ್ಟಿತು. ಒಬ್ಬ ತಾಯಿ, ನನ್ನ ಮಗಳ ಎರಡು ಪುಟಕ್ಕೆ ಇದೊಂದೇ ಪದವೇ ಎಂದು ದೂರು ಬರೆದಳು. ಪ್ರಿನ್ಸಿಪಾಲರು ಅಕ್ಕೋರನ್ನು ಕರೆಸಿದರು. ಪ್ರಿನ್ಸಿಪಾಲರು ಸದಾ ನಗುವ ಹೆಂಗಸು, ಬೆಂಕಿ ಬಿದ್ದಿದೆ ಎಂದರೂ 'ಆಸಮ್', ಅದ್ಭುತ ಅನ್ನುವ ಜಾತಿ. ಇನ್ನು ಮೇಲೆ ಪ್ರತಿ ಹಾಳೆಗೆ ಎರಡು ನಕ್ಷತ್ರ, ಒಂದು ಆಸೆ ಬರೆಯಿರಿ ಎಂದು ಹೇಳಿಕೊಟ್ಟರು. ಎರಡು ಹೊಗಳಿಕೆ, ಆಮೇಲೆ ಮೆಲ್ಲಗೆ ಒಂದು ಸಲಹೆ. ಕೆಂಪು ಪೆನ್ನು ಬೇಡ, ಮಕ್ಕಳು ಹೆದರುತ್ತವೆ.

ಅಕ್ಕೋರು ಹಸಿರು ಪೆನ್ನು ತಂದರು. "ಇವತ್ತ ಒಬ್ಬಾಂವ ಖಾಲಿ ಹಾಳಿ ಕೊಟ್ಟಾನ. ಏನ್ ಹೊಗಳ್ಲಿ? ಹೆಸರು ಛಲೋ ಬರದೀ, ಹಾಳಿ ಮಡಚಿಲ್ಲ, ಶಾಬಾಸ್ ಅಂತ ಬರದೆ," ಎಂದು ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ಶಾಲೆಯಲ್ಲಿ ಒಂದು ಸಮೀಕ್ಷೆಯ ಹಾಳೆ ಹಂಚಿದರು. ಶಿಕ್ಷಕರಿಗೆ ತಮ್ಮ ಕೆಲಸದಲ್ಲಿ ಎಷ್ಟು ತೃಪ್ತಿ ಇದೆ ಎಂದು ತಿಳಿಯಬೇಕಾಗಿತ್ತಂತೆ. ಪ್ರತಿ ಪ್ರಶ್ನೆಯ ಮುಂದೆ ಅಳುವ ಮುಖದಿಂದ ನಗುವ ಮುಖದವರೆಗೆ ಐದು ಮುಖಗಳು. ಮೇಲೆ ದಪ್ಪಕ್ಷರದಲ್ಲಿ, ಹೆಸರು ಬರೆಯಬೇಕಾಗಿಲ್ಲ, ಮನಸ್ಸು ಬಿಚ್ಚಿ ಹೇಳಿ ಎಂದಿತ್ತು. ಅವತ್ತು ಸಪ್ಲೈ ಕೆಲಸಕ್ಕೆ ನಾನೂ ಅದೇ ಶಾಲೆಯಲ್ಲಿದ್ದೆ. ಊಟದ ಹೊತ್ತಿಗೆ ಅಕ್ಕೋರು ತಮ್ಮ ಹಾಳೆ ನನ್ನ ಕೈಗೆ ಕೊಟ್ಟು, "ಆಫೀಸಿನ ಡಬ್ಬ್ಯಾಗ ಹಾಕಿಬಿಡು ತಂಗಿ, ನನಗ ಅಂಗಳಾ ಕಾಯೂ ಡ್ಯೂಟಿ ಐತಿ," ಎಂದು ಮಕ್ಕಳ ಹಿಂದೆ ಹೊರಗೆ ಹೋದರು.

ಕಾರಿಡಾರಿನಲ್ಲಿ ನಿಂತು ನಾನು ಅದನ್ನು ಓದಿದೆ. ಓದಬಾರದಾಗಿತ್ತು. ಅಕ್ಕೋರು ಮುಖಗಳಿಗೆ ಗುರುತು ಹಾಕಿರಲಿಲ್ಲ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಉತ್ತರ ಬರೆದಿದ್ದರು. ನಿಮಗೆ ಕೆಲಸದಲ್ಲಿ ತೃಪ್ತಿ ಇದೆಯೇ ಎಂಬುದಕ್ಕೆ, ಕೆಲಸದಲ್ಲಿ ಇದೆ, ಶಾಲೆಯಲ್ಲಿ ಇಲ್ಲ. ಮೇಲಿನವರ ಬೆಂಬಲ ಇದೆಯೇ ಎಂಬುದಕ್ಕೆ, ನನ್ನ ತರಗತಿಗೆ ಪ್ರಿನ್ಸಿಪಾಲರು ಈ ವರ್ಷ ಒಮ್ಮೆಯೂ ಬಂದಿಲ್ಲ, ಬಂದಿದ್ದರೆ ನಕ್ಷತ್ರ ಎಣಿಸುವುದನ್ನು ಬಿಟ್ಟು ಮಕ್ಕಳನ್ನು ನೋಡುತ್ತಿದ್ದರು. ಏನು ಮಾಡಿದರೆ ನಿಮ್ಮ ತೃಪ್ತಿ ಹೆಚ್ಚೀತು ಎಂಬುದಕ್ಕೆ, ಕಲಿಸಲು ಬಿಡಿ. ಒಂದು ಪ್ರಶ್ನೆಯ ವ್ಯಾಕರಣ ತಪ್ಪಿತ್ತು, ಅದನ್ನು ತಿದ್ದಿದ್ದರು. ಎಲ್ಲಕ್ಕಿಂತ ಕೆಳಗೆ, ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ರೂಢಿಯಂತೆ, ಕೈ ತಾನಾಗಿಯೇ ಬರೆದಿತ್ತು: ಸೀನ್. ಸಹಿ. ತಾರೀಕು.

ಹೆಸರಿಲ್ಲದ ಹಾಳೆಗೆ ಅಕ್ಕೋರು ಪೂರ್ತಿ ಸಹಿ ಹಾಕಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ಕಿಟಕಿಯಾಚೆ ಅವರು ಕಾಣುತ್ತಿದ್ದರು. ದಪ್ಪ ಕೋಟು ಹಾಕಿ, ಯಾವುದೋ ಹುಡುಗಿಯ ಜಾಕೆಟ್ಟಿನ ಜಿಪ್ಪು ಎಳೆಯುತ್ತಿದ್ದರು. ಇಪ್ಪತ್ತು ಹೆಜ್ಜೆ ಅಷ್ಟೇ. ಬಾಗಿಲು ತೆಗೆದು ಒಮ್ಮೆ ಕೂಗಿದ್ದರೆ ಸಾಕಿತ್ತು. ಹೊರಗೆ ಚಳಿ ಇತ್ತು, ಗಂಟೆ ಹೊಡೆಯುವುದರಲ್ಲಿತ್ತು, ಹೇಳಿದರೂ ಅವರು ಇರಲಿ ಬಿಡು ಅನ್ನುತ್ತಿದ್ದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೆಲ್ಲ ಸುಳ್ಳು. ಜೂನಿನ ಆ ಜಾಗಕ್ಕೆ ಅರ್ಜಿ ಹಾಕುತ್ತೇನೆಂದು ಹೆಸರು ಕೊಟ್ಟವರಲ್ಲಿ ನಾನೂ ಒಬ್ಬಳು. ನನ್ನ ಅರ್ಜಿಯನ್ನು ತಿದ್ದಿ ಕೊಟ್ಟವರೂ ಅಕ್ಕೋರೇ. "ಇಬ್ಬರಾಗ ಯಾರಿಗೆ ಸಿಕ್ಕರೂ ಮನೀಗೆ ಸಿಕ್ಕಂಗ," ಅಂದಿದ್ದರು. ನಾನು ಹಾಳೆಯನ್ನು ಮಡಚಿ ಡಬ್ಬಿಯೊಳಗೆ ಹಾಕಿದೆ.

ಜೂನಿನಲ್ಲಿ ಇಬ್ಬರಿಗೂ ಸಂದರ್ಶನವಾಯಿತು. ನನ್ನ ಸಂದರ್ಶನದಲ್ಲಿ ಪ್ರಿನ್ಸಿಪಾಲರು ನಗುತ್ತಲೇ, ನಮಗೆ ಇಲ್ಲಿ ಸಂತೋಷವಾಗಿರುವವರು ಬೇಕು, ಕೆಲವರಿಗೆ ಇಲ್ಲಿ ಸಂತೋಷವಿಲ್ಲ, ಅದನ್ನು ಬರೆದೂ ಕೊಟ್ಟಿದ್ದಾರೆ ಅಂದರು. ನಾನು ಅವರಿಗಿಂತ ಅಗಲವಾಗಿ ನಕ್ಕೆ. ನನಗೆ ಕೆಲಸ ಸಿಕ್ಕಿತು.

ಸುದ್ದಿ ತಿಳಿದ ಸಂಜೆ ಅಕ್ಕೋರು ಬೇಸ್‌ಮೆಂಟಿಗೆ ಇಳಿದು ಬಂದರು. ಕಣ್ಣು ಕೆಂಪಗಿದ್ದವು, ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. "ಹೊಟ್ಟಿಕಿಚ್ಚು ಆಗೇತಿ, ಸುಳ್ಳ ಯಾಕ ಹೇಳ್ಲಿ. ಎರಡು ದಿನಾ ಬಿಡು, ಸರಿ ಆಗ್ತೀನಿ," ಅಂದರು. ಅವರ ಕೈಯಲ್ಲಿ ಆರು ನೋಟ್‌ಬುಕ್ಕುಗಳಿದ್ದವು. "ಏಳನೇತ್ತಾ ಹುಡುಗರು ಎಲ್ಲೆಲ್ಲಿ ಎಡವತಾರ, ಯಾಕ ಎಡವತಾರ, ಎಲ್ಲಾ ಬರದೇನಿ. ನನಗಿನ್ನ ಯಾಕ?" ಎಂದು ಮೇಜಿನ ಮೇಲಿಟ್ಟರು. ಆ ಹೊತ್ತಿನಲ್ಲಾದರೂ ಹೇಳಬಹುದಿತ್ತು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನನ್ನ ಇಡೀ ಜೀವನದಲ್ಲಿ ಅದಕ್ಕಿಂತ ಹೇಸಿಗೆಯ ನಮಸ್ಕಾರ ಮಾಡಿಲ್ಲ.

ಬೆಳಗಿನ ಆರರ ಫೋನು ಮತ್ತೆ ಶುರುವಾಯಿತು. ನಾನು ಎರಡು ತಿಂಗಳಲ್ಲಿ ಮನೆ ಬದಲಿಸಿ ಮಾರ್ಕಮ್‌ಗೆ ಹೋದೆ, ಶಾಲೆಗೆ ದಿನಾ ಒಂದೂವರೆ ತಾಸು ಕಾರು ಓಡಿಸುವುದಾದರೂ ಸರಿ ಎಂದು. ಮೇಲಿನಿಂದ ಆ ದನಿ ಕೇಳುತ್ತ ಕೆಳಗೆ ಕಾಫಿ ಕುಡಿಯುವುದು ನನ್ನಿಂದ ಆಗಲಿಲ್ಲ. ಅಕ್ಕೋರು ಹಬ್ಬಕ್ಕೆ ಕರೆಯುವುದನ್ನು ಬಿಡಲಿಲ್ಲ, ನಾನು ನೆಪ ಹೇಳುವುದನ್ನು ಬಿಡಲಿಲ್ಲ. ಕೊನೆಯವರೆಗೂ ಅವರು ಸಪ್ಲೈ ಟೀಚರಾಗಿಯೇ ಉಳಿದರು. ದಿನಕ್ಕೊಂದು ಶಾಲೆ, ಹೆಸರು ಗೊತ್ತಿಲ್ಲದ ಮಕ್ಕಳು, ಮತ್ತೆ ಆ ಚೀಟಿ, ಸಿನಿಮಾ ಹಾಕಿ.

ಎಂಟು ವರ್ಷದ ಮೇಲೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಅವರ ಯಜಮಾನರು ಫೋನು ಮಾಡಿದರು. ಒಂದು ಭಾನುವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಯಜಮಾನರು ಕೆಳಗೆ ಊಟಕ್ಕೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ, ಸಹಿ, ಕಿಟಕಿ, ಪ್ರಿನ್ಸಿಪಾಲರ ಮಾತು.

ಅಕ್ಕೋರು ಕೇಳಿದರು, "ನೀ ನೋಡಿ ಹಾಕಿದೇನು?"

"ನೋಡಿ ಹಾಕಿದೆ ರೀ."

"ನಾ ಎಂಟು ವರ್ಷ ನನ್ನ ಕಲಸೂದ್ರಾಗ ಏನ್ ತಪ್ಪೈತಿ ಅಂತ ಹುಡಿಕ್ಕೋತ ಕೂತೆ," ಅಂದರು.

ಇದಕ್ಕಿಂತ ಅವರು ಕಪಾಳಕ್ಕೆ ಹೊಡೆದಿದ್ದರೆ ನನಗೆ ಚೆನ್ನಾಗಿತ್ತು. ಅಳುತ್ತ ಕೂತೆ. ಅವರು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಏನೋ ಲೆಕ್ಕ ಕೇಳುವ ದನಿಯಲ್ಲಿ, "ಹೋಗಲಿ, ಆ ಕೆಲಸದಾಗ ನಿನಗ ಸಮಾಧಾನ ಐತೇನು?" ಎಂದರು.

ಶಾಲೆಯ ಸಮೀಕ್ಷೆ ಆಮೇಲೂ ಬಂದಿದೆ. ಬಂದಾಗಲೆಲ್ಲ ನಾನು ಅತಿ ದೊಡ್ಡ ನಗುಮುಖಕ್ಕೇ ಗುರುತು ಹಾಕಿದ್ದೇನೆ, ಹೆಸರು ಬರೆಯದೆ. ಅಕ್ಕೋರ ಮುಂದೆ ಹಾಗೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಅವರ ನೋಟ್‌ಬುಕ್ಕುಗಳಿಂದಲೇ ಇವತ್ತಿಗೂ ಪಾಠ ಮಾಡುತ್ತೇನೆ. ಮಕ್ಕಳಿಗೆ ಅರ್ಥವಾಗಿ ಮುಖ ಅರಳಿದಾಗ ಆ ಖುಷಿ ನನ್ನದಲ್ಲ ಎಂದು ತಿಳಿಯುತ್ತದೆ.

"ಇಲ್ಲ ರೀ," ಅಂದೆ.

"ಹಂಗಾರ ಆ ಕೆಲಸ ಇಬ್ಬರಿಗೂ ಸಿಗಲಿಲ್ಲ ನೋಡು," ಅಂದರು.

ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ನೀರು ಕೇಳಿದರು, ಕೊಟ್ಟೆ. ಯಜಮಾನರು ಬಂದ ಮೇಲೆ ಎದ್ದು ಬಂದೆ.

ಒಂಬತ್ತು ದಿನಕ್ಕೆ ಅಕ್ಕೋರು ತೀರಿಕೊಂಡರು. ಅಂತ್ಯಸಂಸ್ಕಾರ ವಾರದ ನಡುವೆ ಇತ್ತು, ನಾನು ರಜೆ ಕೇಳಬೇಕಾಗಿತ್ತು. ಪರ್ಮನೆಂಟು ಶಿಕ್ಷಕರಿಗೆ ಸಾವಿನ ರಜೆ ಎಂದು ಬೇರೆಯೇ ಅರ್ಜಿ ಇದೆ. ತೀರಿಕೊಂಡವರು ನಿಮಗೆ ಏನಾಗಬೇಕು ಎಂಬ ಪ್ರಶ್ನೆಯ ಮುಂದೆ ತಾಯಿ, ತಂದೆ, ಗಂಡ, ಮಗು, ಅತ್ತೆ, ಮಾವ ಎಂದು ಪಟ್ಟಿ ಕೊಟ್ಟಿದ್ದರು. ನಾನು ಯಾರ ಕುರ್ಚಿಯಲ್ಲಿ ಕೂತಿದ್ದೇನೋ ಅವರು ಎಂದು ಆ ಪಟ್ಟಿಯಲ್ಲಿ ಇರಲಿಲ್ಲ. ಬಹಳ ಹೊತ್ತು ನೋಡಿದೆ. ಕೊನೆಗೆ ಆ ಅರ್ಜಿ ಬಿಟ್ಟು ಇನ್ನೊಂದನ್ನು ತೆಗೆದು, ನನಗೆ ಜ್ವರ ಎಂದು ಬರೆದು ಕಳಿಸಿದೆ.